ಚಳಿಗೆ ಹೊದಿಸಿದ ಕಂಬಳಿ

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ,
ಕೈಗೆಲ್ಲ ಹುಣಸೆಬೀಜದ ಗಂಜಿ.
ಸುಬೇದಾರ್ ಪಾಲಯ್ಯ ಬಂದು ಕಂಬಳಿ ಕೇಳಿದ.
ಹೊಸದು ಬೇಡ, ಹರಿದದ್ದಾದರೂ ಸರಿ.
ಯಾಕೆ ಅಂದೆ.
ಚಳಿಗೆ ಅಂದ.
ಎಲ್ಲರೂ ಕೇಳೋದು ಚಳಿಗೇ ಅಲ್ವಾ, ನಕ್ಕೆ.
ಅವನು ನಗಲಿಲ್ಲ.
ಚಳಿಗೇ ಹೊದಿಸಬೇಕು, ಬಾ ಬೇಗ,
ಕರಗಿ ಹೋಗ್ತಾ ಇದೆ.

ಹದಿನೇಳು ವರ್ಷ ಹಿಮ ಕಾದು ಬಂದವನು.
ಬರುವಾಗ ಟ್ರಂಕಿನ ಪಕ್ಕ ಒಂದು ಕಡ್ಡಿ,
ಬುಡಕ್ಕೆ ಒದ್ದೆ ಗೋಣಿ.
ಮೂರು ದಿನದ ರೈಲಿನಲ್ಲಿ
ಕುಡಿಯುವ ನೀರಲ್ಲಿ ಅದಕ್ಕೂ ಪಾಲು.
ಪ್ಲಮ್ ಅಂತೆ. ನಮ್ಮ ಓಣಿಯ ಬಾಯಲ್ಲಿ ಪಲಮು.
ಅಲ್ಲಿ, ಹುಲ್ಲೂ ಯೋಚಿಸಿ ಹುಟ್ಟುವ ಕಡೆ,
ಯಾವಳೋ ಮುದುಕಿಯ ಮಣ್ಣುಗೋಡೆಗೆ ಒರಗಿ
ಇದರ ತಾಯಿ ಕೊಂಬೆ ಬಾಗುವಷ್ಟು ಬಿಡುತ್ತಿತ್ತಂತೆ.
ಅದೂ ಒಣನೆಲ, ಚಳ್ಳಕೆರೆಯೂ ಒಣನೆಲ, ಅಂದ.
ಅರ್ಧ ಲೆಕ್ಕ ಸರಿಯಿತ್ತು.

ನಾಲ್ಕು ವರ್ಷ ಎಲೆ ಬಿಟ್ಟಿತು.
ಎಲೆಯನ್ನೇ ಬಿಟ್ಟಿತು.
ಬೇಲಿಯ ಎಲಚಿ, ಯಾರೂ ಒಂದು ಚೊಂಬು ಹಾಕದಿದ್ದರೂ,
ಮುಳ್ಳಿನ ನಡುವೆ ಮೈತುಂಬ ಕಾಯಿ ಹೊತ್ತು
ಹುಡುಗರ ಕಲ್ಲು ತಿನ್ನುತ್ತಿತ್ತು.
ತೋಟಗಾರಿಕೆ ಆಫೀಸಿನ ಕನ್ನಡಕದ ಹುಡುಗ ಬಂದು
ಮೊಗ್ಗಿಲ್ಲದ ಗಿಣ್ಣು ಮುಟ್ಟಿ ನೋಡಿ ಹೇಳಿದ:
ಇದು ನಿದ್ದೆ ಮಾಡಬೇಕು ಸಾರ್,
ಚಳಿ ಸಾಲದೆ ಇದಕ್ಕೆ
ವರ್ಷ ಮುಗಿದದ್ದೇ ಗೊತ್ತಾಗಿಲ್ಲ.

ಅದಕ್ಕೇ ಐಸ್ ಕ್ಯಾಂಡಿ ಫ್ಯಾಕ್ಟರಿಯಿಂದ
ಸೈಕಲ್ ಮೇಲೆ ಎರಡು ಗಡ್ಡೆ, ಹೊಟ್ಟಿನಲ್ಲಿ ಸುತ್ತಿ.
ಬುಡದ ಸುತ್ತ ಜೋಡಿಸಿ
ಮೇಲೆ ನನ್ನ ಕಂಬಳಿ ಎಳೆದ, ಮಗುವಿಗೆ ಎಳೆದಂತೆ.
ಬೆಳಿಗ್ಗೆ ಎತ್ತಿ ನೋಡಿದರೆ
ಮುಷ್ಟಿಯಷ್ಟು ಐಸು ಇನ್ನೂ ಅಲ್ಲೇ.
ಮೂವತ್ತು ವರ್ಷ ಸಂತೆಯಲ್ಲಿ ಕೂಗಿದ್ದೇನೆ
ಬಿಸಿ ಕಂಬಳಿ, ಬಿಸಿ ಕಂಬಳಿ ಅಂತ.
ಅದರಲ್ಲಿ ಬಿಸಿ ಎಲ್ಲಿತ್ತು?
ಒಳಗೆ ಏನಿಟ್ಟರೆ ಅದನ್ನು ಕಾಯುತ್ತದೆ, ನಾಯಿಯ ಹಾಗೆ.

ಕನ್ನಡಕದ ಹುಡುಗ ಮತ್ತೆ ಬಂದವನು
ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ.
ಚಳಿ ಬೇಕಿರುವುದು ಮೊಗ್ಗಿಗೆ ಸಾರ್, ಬೇರಿಗಲ್ಲ.
ನೀರು ನಿಲ್ಲಿಸಿ. ಎಲೆ ಕಿತ್ತುಬಿಡಿ.
ಸತ್ತೇನೋ ಅಂತ ಅದು ಹೆದರಬೇಕು.

ದೀಪಾವಳಿ ಕಳೆದ ವಾರ
ಇಬ್ಬರೂ ಸ್ಟೂಲು ಹತ್ತಿ ಒಂದೊಂದೇ ಎಲೆ ಕಿತ್ತೆವು.
ದೊಡ್ಡವು ಅವನದು, ಚಿಕ್ಕವು ನನ್ನದು.
ಅವನ ಎರಡು ಬೆರಳ ತುದಿ
ಅಲ್ಲಿನ ಹಿಮದಲ್ಲೇ ಉಳಿದಿವೆ,
ಸಣ್ಣ ತೊಟ್ಟು ಸಿಕ್ಕುವುದಿಲ್ಲ ಅವನಿಗೆ.
ತನ್ನ ಬೆರಳು ತಿಂದ ಚಳಿಯನ್ನು
ಹೀಗೆ ಕರೆದು ಕರೆದು ಕೂರಿಸುವುದು ಯಾಕೋ,
ಕೇಳಬೇಕೆಂದಿದ್ದೆ. ಕೇಳಲಿಲ್ಲ.
ಹಾದು ಹೋಗುವ ಹೆಂಗಸರು ಲೊಚಗುಟ್ಟಿದರು:
ಬದುಕಿದ್ದ ಗಿಡ, ಪಾಪ, ತಲೆ ಬೋಳಿಸ್ತಾರೆ.

ಪುಷ್ಯದಲ್ಲಿ ದೊಡ್ಡೇರಿ ಕಡೆಯಿಂದ
ನಾಲ್ಕೈದು ರಾತ್ರಿ ಗಟ್ಟಿಯಾಗಿ ಗಾಳಿ ಬೀಸಿತು.
ಊರೆಲ್ಲ ಬಾಗಿಲು ಹಾಕಿಕೊಂಡಿತು,
ನನ್ನ ಅಂಗಡಿಯಲ್ಲಿ ಒಂದೂ ಕಂಬಳಿ ಉಳಿಯಲಿಲ್ಲ.
ಅವನೊಬ್ಬ ಬನಿಯನ್ನಿನಲ್ಲಿ ಅಂಗಳದಲ್ಲಿ ಕೂತು
ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅನ್ನುತ್ತಿದ್ದನಂತೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಅನ್ನುವ ಮೊದಲು
ಬರಿಗೊಂಬೆಗೆ ಹನ್ನೊಂದು ಹೂ. ಬಿಳಿ.
ಎಣಿಸಿದವನು ಅವನೇ, ನಾನು ಒಂಬತ್ತು ಅಂದಿದ್ದೆ.
ಎರಡು ಕಾಯಿ ನಿಂತವು.
ಒಂದು ಅಳಿಲಿಗೆ.

ಇನ್ನೊಂದನ್ನು ನನ್ನ ದಾರ ಕೊಯ್ಯುವ ಚಾಕುವಿನಲ್ಲಿ
ಎರಡು ಹೋಳು ಮಾಡಿದ.
ಹುಳಿ. ಎಲಚಿಯಷ್ಟೇ ಹುಳಿ, ಸುಳ್ಳು ಯಾಕೆ ಹೇಳಲಿ.
ಅವನು ಕಣ್ಣು ಮುಚ್ಚಿದ್ದ.
ದವಡೆ ನಿಧಾನ ಆಡುತ್ತಿತ್ತು,
ಮೇ ತಿಂಗಳ ಬಿಸಿಲಲ್ಲಿ
ತೋಳಿನ ರೋಮ ನಿಮಿರಿ ನಿಂತಿದ್ದವು.
ಓಟೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು
ಗುಂಡಿ ಹಾಕಿಕೊಂಡ.

ಕಂಬಳಿಯ ದುಡ್ಡು ಇನ್ನೂ ಕೊಟ್ಟಿಲ್ಲ.
ಕೇಳಿದರೆ,
ಚಳಿಗಾಲ ಬರಲಿ ಅನ್ನುತ್ತಾನೆ.