ಮುಂದಿನ ಜೋಡಿ

ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ
ಅಯಾತ್‌ಶೋ ಮೈಭಾರ ಹಾಕಿ ಒತ್ತಿ ಬಿಟ್ಟ.
ಒಂದು, ಎರಡು, ಮೂರು, ನಾಲ್ಕು…
ಜೀಪಿನ ಮೂಗು ಏಳುತ್ತಲೇ ಇತ್ತು, ಬೀಳುತ್ತಲೇ ಇತ್ತು,
ಸಾಲ ಕೇಳಿಸಿಕೊಂಡವನು ತಲೆಯಾಡಿಸುವ ಹಾಗೆ,
ಹೂಂ ಅಲ್ಲ, ಊಹೂಂ ಅಲ್ಲ.
"ಇದು ಗಾಡಿಯಲ್ಲಯ್ಯ, ತೊಟ್ಟಿಲು."

ಖೋರೋಗಿನಿಂದ ಮುರ್ಗಾಬಿನವರೆಗೆ
ಹನ್ನೊಂದು ವರ್ಷ ಈ ದಾರಿಯನ್ನು ನಾನು
ಓದಿದ್ದು ಕಣ್ಣಿನಿಂದಲ್ಲ, ಬೆನ್ನುಮೂಳೆಯಿಂದ.
ಎರಡು ಕುಕ್ಕು, ಒಂದು ಎತ್ತು: ಜೆಲೊಂದಿಯ ಸೇತುವೆ.
ಹಲ್ಲು ಕಟಕಟ ಅಂದರೆ ಕೊಯ್ತೆಜೆಕ್ ಘಾಟಿ.
ನಾಲಗೆ ಕಚ್ಚಿಕೊಂಡರೆ ಅಲಿಚೂರು,
ಚಹಾಕ್ಕೆ ನಿಲ್ಲಿಸು.

ಎಡಗಡೆಯ ಶಾಕ್ ಅಬ್ಸಾರ್ಬರು ಸೋರಿ ಸೋರಿ,
ಎಣ್ಣೆಗೆ ಧೂಳು ಮೆತ್ತಿ, ಮೈಗೆ ರೋಮ ಬಂದಿತ್ತು.
ಮೇಲಿನ ನಟ್ಟು ತಿರುಗಿಸಿದರೆ
ಜೊತೆಗೇ ತಿರುಗುತ್ತದೆ ದಂಡ, ಹೌದಪ್ಪನ ಹಾಗೆ.
ಸೀಮೆಎಣ್ಣೆ ಕುಡಿಸಿ ರಾತ್ರಿಯಿಡೀ ನೆನೆಯಬಿಟ್ಟೆವು.
ಬೆಳಿಗ್ಗೆ ನಾನು ಇಕ್ಕಳದಲ್ಲಿ ಅದರ ಕುತ್ತಿಗೆ ಹಿಡಿದೆ,
ಅವನು ಪಾನಾ ಎಳೆದ. ಕಿರ್ರೆಂದು ತುಕ್ಕು ಸೋತಿತು.

ಬಿಚ್ಚಿದ್ದನ್ನು ನನ್ನ ಕೈಗೆ ಕೊಟ್ಟ.
ಒತ್ತಿದರೆ ಹೋಯಿತು, ಎಳೆದರೆ ಬಂತು,
ತನ್ನದೆಂಬ ಒಂದು ಮಾತೂ ಇಲ್ಲ.

"ಒಂದೇ ಹಾಕು. ದುಡ್ಡಿಲ್ಲ."
ಅಯಾತ್‌ಶೋ ಕೈ ಒರೆಸಿಕೊಂಡ.
"ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದು ಬರಿಗಾಲಲ್ಲಿ
ಆ ಗುಡ್ಡ ಹತ್ತಿ ತೋರಿಸು ಮೊದಲು."
ಎರಡನೆಯದಕ್ಕೆ ಸ್ಟೆಪ್ನಿ ಅಡವಿಟ್ಟೆ.

ಹೊಸದನ್ನು ಕೂರಿಸುವ ಮುನ್ನ ಐದಾರು ಸಲ
ಎಳೆದು ಒತ್ತಿದ, ಒಳಗಿನ ಗಾಳಿ ಹೋಗಲಿ ಎಂದು.
ಮೊದಲು ಬಿಕ್ಕಿತು. ಆಮೇಲೆ ಉಸಿರು ಸಮವಾಯಿತು.
ಚಕ್ರ ನೆಲಕ್ಕೆ ಭಾರ ಕೊಟ್ಟ ಮೇಲೆಯೇ
ಕೊನೆಯ ಬಿಗಿ.

ಮರುದಿನ ಸವ್ರಿಮೋ ಅಜ್ಜಿ, ಎಂದಿನಂತೆ ಮುಂದಿನ ಸೀಟು,
ತೊಡೆಯ ಮೇಲೆ ಹೊಟ್ಟಿನಲ್ಲಿ ಹುದುಗಿಸಿದ ಮೊಟ್ಟೆಬುಟ್ಟಿ.
ಮುರ್ಗಾಬಿನ ಚಳಿಗೆ ಕೋಳಿಗೂ ಮನಸ್ಸು ಬರುವುದಿಲ್ಲವಂತೆ.
ಗಾಡಿ ತೇಲಿತು. ಸೇತುವೆ ಬಂದದ್ದೇ ತಿಳಿಯಲಿಲ್ಲ.
ಅಲಿಚೂರು ದಾಟಿ ಎರಡು ಮೈಲಿ ಹೋಗಿಬಿಟ್ಟಿದ್ದೆ,
ಚಹಾಕ್ಕೆಂದು ಹಿಂದಕ್ಕೆ ತಿರುಗಿಸಿದೆ.

ಇಳಿದು, ಹೊಟ್ಟು ಕೆದಕಿ, ಎಣಿಸಿದಳು.
ಅರವತ್ತಕ್ಕೆ ಅರವತ್ತು.
ಮೀಸೆ ತೀಡುತ್ತ ನಿಂತೆ, ಈಗ ಹೊಗಳುತ್ತಾಳೆ ಎಂದು.
ಅವಳ ಮುಖ ಇಳಿದಿತ್ತು.
ಬಾಗಿಲಲ್ಲಿ ಮೂವರು ಮೊಮ್ಮಕ್ಕಳು,
ದೊಡ್ಡವಳ ಕೈಯಲ್ಲಿ ಬಾಣಲೆ.

ಇಡಿಯವು ಅಂಗಡಿಗೆ, ಒಡೆದವು ಮನೆಗೆ.
ಹನ್ನೊಂದು ವರ್ಷ ನಡೆದ ಲೆಕ್ಕ,
ನನಗೆ ಗೊತ್ತಾದದ್ದು ಅಂದು.

ಅಜ್ಜಿ ನನ್ನನ್ನು ನೋಡಿದಳು, ಗಾಡಿಯನ್ನು ನೋಡಿದಳು,
ಬಂಪರಿನ ಅಂಚಿಗೆ ಮೆಲ್ಲಗೆ ಒಂದನ್ನು ತಟ್ಟಿದಳು.
ಇನ್ನೊಂದನ್ನು. ಯೋಚಿಸಿ, ಮತ್ತೊಂದನ್ನು.
"ದಾರಿ ಹಾಳಾಗಿದೆ," ಎಂದಳು ಗಟ್ಟಿಯಾಗಿ,
ಒಳಗೆ ಅಂಗಡಿಯ ಲೆಕ್ಕ ಬರೆಯುವ ಮಗನಿಗೆ ಕೇಳುವಂತೆ.

"ತೀರಾ ಹಾಳಾಗಿದೆ," ಎಂದೆ ನಾನೂ.