ಎರಡು ಇಳಿಜಾರು

ಮಂಡಕ್ಕಿ ಭಟ್ಟಿ ಓಣಿ. ನಮ್ಮ ತಾರಸಿಯ ಮೇಲೆ
ಗುಜರಿ ಪೈಪಿನ ಆಂಟೆನಾ, ಮೂರು ಅಳತೆಯವು.
ದಾವಣಗೆರೆಯ ಮೋಟರು ಮಿಕ್ಸಿ ಎಲ್ಲ ಮಲಗಿದ ಮೇಲೆ
ಉತ್ತರಕ್ಕೆ ಅರ್ಧ ಆಕಾಶ ಏರುತ್ತದೆ ಕ್ಯಾಸಿಯೋಪಿಯಾ.

ಹೆಡ್‌ಫೋನು ಅಬ್ಬಾನ ಕಿವಿಗಿಟ್ಟೆ.
ಬಹಳ ಹೊತ್ತು ಕೇಳಿ,
"ಕಾದ ಮರಳು," ಅಂದರು,
"ಅಕ್ಕಿ ಇನ್ನೂ ಹಾಕಿಲ್ಲ."

ಅಕ್ಕಿ ಅರಳಿ ಮುನ್ನೂರೈವತ್ತು ವರ್ಷವಾಯಿತು ಅಬ್ಬಾ,
ಇದು ಒಲೆ ಆರುವ ಸದ್ದು.
ವರ್ಷಕ್ಕೆ ನೂರರಲ್ಲೊಂದು ಪಾಲೂ ಇಲ್ಲ, ಅಷ್ಟೇ ಇಳಿತ,
ಅದೂ ಒಂದೇ ಸಮ ಅಲ್ಲ:
ಮಂದ್ರ ತುಸು ಬೇಗ, ತಾರ ತುಸು ತಡ.
ಹಾಗಾಗಿ ನನ್ನ ಗ್ರಾಫಿನ ಇಳಿಜಾರು
ಹಳೆಯ ಪುಸ್ತಕದ್ದಕ್ಕಿಂತ ಕೂದಲೆಳೆಯಷ್ಟು ಸಪಾಟು.
ಆ ಎಳೆ ನಕ್ಷತ್ರದ್ದೋ, ನನ್ನ ಕೇಬಲ್ಲಿನ ತಪ್ಪೋ,
ಮೂರು ತಿಂಗಳಾಯಿತು, ಗೊತ್ತಾಗಿಲ್ಲ.

ಮೊನ್ನೆ ದೊಡ್ಡಾಸ್ಪತ್ರೆಯಲ್ಲಿ
ಅಬ್ಬಾಗೂ ಒಂದು ಗ್ರಾಫು ಕೊಟ್ಟರು.
ಭಟ್ಟಿಗೆ ಬರುವ ಮೊದಲು
ಹತ್ತೊಂಬತ್ತು ವರ್ಷ ಮಿಲ್ಲಿನ ಮಗ್ಗಗಳ ನಡುವೆ ನಿಂತ ಕಿವಿ.
ಎಡದಿಂದ ನೆಟ್ಟಗೆ ಹೊರಟ ಗೆರೆ
ನಾಲ್ಕು ಸಾವಿರದ ಹತ್ತಿರ
ಬಾವಿಗೆ ಕೊಡ ಬಿದ್ದ ಹಾಗೆ ಬಿದ್ದಿದೆ.
ಕುಕ್ಕರಿನ ಸೀಟಿ ಇಲ್ಲ. ಗುಬ್ಬಿ ಇಲ್ಲ.
ನಾನು ಅವಸರದಲ್ಲಿ ಮಾತಾಡಿದರೆ
ಸಕಾರ ಇಲ್ಲ, ಶಕಾರ ಇಲ್ಲ.

ಎರಡೂ ಹಾಳೆ ಪಕ್ಕಪಕ್ಕ ಇಟ್ಟೆ.
ನಕ್ಷತ್ರ ತಳದಿಂದ ಕಳಕೊಳ್ಳುತ್ತಿದೆ,
ಅಬ್ಬಾ ತುದಿಯಿಂದ.
ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು
ಯಾವ ಮೇಷ್ಟ್ರೂ ಹೇಳಬೇಕಿಲ್ಲ ನನಗೆ.
ಆದರೂ ಎತ್ತಿಡಲಿಲ್ಲ.

ನಾಲ್ಕಕ್ಕೆ ಭಟ್ಟಿಗೆ ಹೊರಟವರು,
ಡಾಕ್ಟರಿಗೆ ತೋರಿಸೋಣ ಅಂತ ಇರಬೇಕು,
ಮಡಚಿ ಜೇಬಿಗಿಟ್ಟುಕೊಂಡದ್ದು ನಕ್ಷತ್ರದ ಹಾಳೆ.
ಮೆಟ್ಟಿಲ ಮೇಲಿಂದ ಕೂಗಿದೆ.
ನನ್ನ ದನಿ ತೆಳು.
ಹೊಟ್ಟಿನ ಹೊಗೆಯೊಳಗೆ
ತಿರುಗಿ ನೋಡದೆ ನಡೆದುಹೋದರು.