ಕ್ಷಮಿಸಿ, ಗೋಲಲ್ಲ

ಶನಿವಾರದ ಆಟವೇ ಹಿಲರಿ ಕ್ರಾಸ್ತಾರ ಕೊನೆಯದು ಎಂದು
ಬೀಡಿ ಬ್ರಾಂಚಿನಲ್ಲಿ ಎಲೆ ತೂಗುತ್ತಾ ಚಂದಪ್ಪಣ್ಣ ಹೇಳಿದಾಗ
ತಕ್ಕಡಿ ಒಂದು ಬದಿಗೆ ವಾಲಿತು,
ಅಥವಾ ನನಗೆ ಹಾಗೆ ಕಂಡಿತು.

ನಾವು ಐವರು, ಹೊಸಂಗಡಿಯ ಮೈಮೂನಾಳ ಜಗಲಿಯವರು,
ಹಾಕಿಯ ಕೋಲನ್ನು ಕೈಯಲ್ಲಿ ಹಿಡಿದವರಲ್ಲ.
ಹಲಸಿನಕಾಯಿ ಕೊಯ್ಯುವ ಕೊಕ್ಕೆಯ ಹಾಗೆ ಇರಬೇಕು
ಎಂದು ಗುಲಾಬಿ ಒಮ್ಮೆ ಹೇಳಿದಳು.
ವರ್ಷಗಟ್ಟಲೆ ಅದೇ ನಡೆಯಿತು:
ಇಪ್ಪತ್ತೆರಡು ಜನ ಕೊಕ್ಕೆ ಹಿಡಿದು
ನಮ್ಮ ಗೆರಸೆಗಳ ಮಧ್ಯೆ ಓಡುತ್ತಿದ್ದರು,
ಹೊಗೆಸೊಪ್ಪಿನ ಹುಡಿ ಯಾರ ಕಾಲಿಗೂ ತಾಗದ ಹಾಗೆ.

ರೇಡಿಯೋ ಉಪ್ಪಿನ ಭರಣಿಯ ಮೇಲೆ,
ಅದರ ತಂತಿ ಬಟ್ಟೆ ಒಣಗಿಸುವ ಸರಿಗೆಗೆ.
ಒದ್ದೆ ಲಂಗ ಹರವಿದರೆ ಕಣ್ಣೂರು ಬರುತ್ತಿತ್ತು,
ತೆಗೆದರೆ ಮಂಗಳೂರು.
ಒಂದು ಸಲ ಪೆನಾಲ್ಟಿ ಕಾರ್ನರಿಗೆ ಎಲ್ಲರೂ ಸಾಲು ನಿಂತಿದ್ದಾಗ
ಮಲಯಾಳದಲ್ಲಿ ಕರಿಮೆಣಸಿನ ಧಾರಣೆ ಬಂದು
ಗೋಲು ಹೊಡೆದು ಹೋಯಿತು.
ಪಡಿತರ ಚೀಟಿ, ಆಸ್ಪತ್ರೆಯ ಬೋರ್ಡು, ಕರೆಂಟಿನ ಬಿಲ್ಲು,
ಎಲ್ಲದರ ಅಕ್ಷರ ನಮಗೆ ಬೇರೆ.
ತಲಪಾಡಿ ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿಸದೆ
ಒಳಗೆ ಬಿಟ್ಟದ್ದು ಆ ಸ್ವರವೊಂದನ್ನೇ.

"ನೋಡಿ, ನೋಡಿ" ಅನ್ನುತ್ತಿದ್ದರು ಯಾವಾಗಲೂ.
ನಮಗೆ ಎಂತ ಉಂಟು ನೋಡಲಿಕ್ಕೆ?
ಆದರೂ ತಲೆ ಎತ್ತುತ್ತಿದ್ದೆವು,
ಎರಡೂ ಕಣ್ಣಿಗೆ ಪೊರೆ ಬಂದ ಸೀತಮ್ಮತ್ತೆ ಎಲ್ಲರಿಗಿಂತ ಮೊದಲು.

ಚೆಂಡು ನಡುಗೆರೆ ದಾಟಿದರೆ ಬೆರಳಿಗೆ ವೇಗ.
ಇಪ್ಪತ್ತೈದು ಗಜದೊಳಗೆ ಬಂದರೆ ಕತ್ತರಿ ತಾನಾಗಿ ನಿಲ್ಲುವುದು.
(ನಮ್ಮ ಕಟ್ಟಿಗೂ ಇಪ್ಪತ್ತೈದೇ ಬೀಡಿ.)
ಗೋಲಿಗೆ ಮುಂಚೆ ಅವರಿಗೊಂದು ಸಣ್ಣ ಕೆಮ್ಮು.
ಅದು ನಮಗೆ ಗೊತ್ತಿತ್ತು,
ಆ ಗೋಲ್‌ಕೀಪರನಿಗೆ ಗೊತ್ತಿರಲಿಲ್ಲ, ಪಾಪ.

ಗುಲಾಬಿಯ ಮಗಳು ಹತ್ತನೆಯದರಲ್ಲಿದ್ದ ವರ್ಷ
ಕೆಮ್ಮು ಬಂತು, "ಗೋಲು!" ಬಂತು,
ಗುಲಾಬಿ ಗೆರಸೆ ಸಮೇತ ಎದ್ದಳು.
ಆರುನೂರು ಬೀಡಿ ಅಂಗಳದಲ್ಲಿ. ಕೋಳಿಗಳಿಗೆ ಗಾಬರಿ.
ಆಮೇಲೆ ರೇಡಿಯೋದಲ್ಲಿ ಮಾತೇ ಇಲ್ಲ.
"ಕ್ಷಮಿಸಿ, ಗೋಲಲ್ಲ. ನನ್ನ ಕಣ್ಣು ಮೋಸ ಹೋಯಿತು."
ಕುಕ್ಕುರುಗಾಲಲ್ಲಿ ಬೀಡಿ ಹೆಕ್ಕುತ್ತಿದ್ದ ಗುಲಾಬಿ
"ಇರಲಿ ಬಿಡಿ" ಎಂದಳು,
ಉಪ್ಪಿನ ಭರಣಿಗೆ.
ಕಂಪೆನಿಯವರು, ಮೂರು ಭಾಷೆಯಲ್ಲಿ ಮತ ಕೇಳಿದವರು,
ನಮ್ಮ ನಮ್ಮ ಗಂಡಂದಿರು
ತಪ್ಪಿದ್ದು ಎಷ್ಟು ಸಲವೋ.
ತಪ್ಪಾಯಿತು ಎಂದು ಈ ಜಗಲಿಗೆ ಬಂದು ಹೇಳಿದ ಗಂಡಸಿನ ಸ್ವರ
ಅದೊಂದೇ.

ಅವರನ್ನು ಕಂಡದ್ದು ನಾನು ಮಾತ್ರ, ಕುಂಬಳೆ ಬಸ್‌ಸ್ಟ್ಯಾಂಡಿನಲ್ಲಿ.
ಗಿಡ್ಡ ಮನುಷ್ಯ, ಕಂಕುಳಲ್ಲಿ ನುಗ್ಗೆಕಾಯಿಯ ಕಟ್ಟು.
"ಬೇಳದ ಬಸ್ಸು ಹೋಯಿತಾ?"
ಕೇಳಿದ್ದೇ ಸ್ವರದ ಗುರುತು ಸಿಕ್ಕಿತು.
ಹೋಯಿತು, ಎಂದೆ.
"ಛೇ!" ಎಂದರು,
ಕಂಬಕ್ಕೆ ತಾಗಿ ಹೊರಗೆ ಹೋದ ಚೆಂಡಿಗೆ ಹೇಳುವ ಅದೇ ಛೇ.
ಇಷ್ಟನ್ನೇ ಜಗಲಿಯಲ್ಲಿ ಒಂದು ವಾರ ಹೇಳಿದೆ,
ಗಿಡ್ಡ ಎನ್ನುವುದನ್ನು ಬಿಟ್ಟು.

ಟೀವಿ ಬಂದಾಗ ಕೋಲು ಕಂಡಿತು. ಕೊಕ್ಕೆಯಲ್ಲ.
ಗುಲಾಬಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.
ಕೊನೆಗೆ ಟೀವಿಯ ಬಾಯಿ ಮುಚ್ಚಿಸಿ ರೇಡಿಯೋ ಇಟ್ಟೆವು:
ಗೋಲು ಮೊದಲು ಕಿವಿಗೆ ಬೀಳುವುದು,
ಕಣ್ಣಿಗೆ ಆಮೇಲೆ, ನಿಧಾನಕ್ಕೆ, ಸಾಲ ತೀರಿಸುವವರ ಹಾಗೆ.

ಶನಿವಾರ ಆಟ ಎರಡು-ಎರಡರಲ್ಲಿ ಮುಗಿಯಿತು.
ತಮ್ಮ ಬಗ್ಗೆ ಅವರು ಏನೂ ಹೇಳಲಿಲ್ಲ.
"ಮೈದಾನದಲ್ಲಿ ಈಗ ಯಾರೂ ಇಲ್ಲ," ಎಂದರು. "ನೋಡಿ."
ನೋಡಿದೆವು.
ಅಂಗಳದಲ್ಲಿ ಸರಿಗೆ, ಸರಿಗೆಯಲ್ಲಿ ಬಟ್ಟೆ ಇರಲಿಲ್ಲ.

ಸೋಮವಾರ ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟು ಬಿಚ್ಚಿ ಎಣಿಸಿದ.
ಒಂದರಲ್ಲಿ ಇಪ್ಪತ್ತಾರು, ಇನ್ನೊಂದರಲ್ಲಿ ಇಪ್ಪತ್ತಮೂರು.
ಲೆಕ್ಕ ತಪ್ಪಿದ್ದು ಎಲ್ಲಿ, ಎಂದು ಕೇಳಿದ.
ಎರಡನೆಯ ಅರ್ಧದಲ್ಲಿ, ಎಂದಳು ಮೈಮೂನಾ.